ಜಿಎಂ ಸಾಹೇಬರ ಬಿಸ್ಕತ್ತು

ನನ್ನ ತಮ್ಮನ ಮಗಳು ಶ್ವೇತಾ ಹೈದರಾಬಾದಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ. ಹೋದ ವಾರ ಮಧ್ಯಾಹ್ನ ಫೋನ್ ಮಾಡಿದಳು. ದನಿ ಕೇಳಿದರೆ ಇನ್ನೇನು ಅತ್ತೇಬಿಡುತ್ತಾಳೆ ಅನ್ನಿಸಿತು.

"ಅತ್ತಿ, ನಮ್ಮ ಮ್ಯಾನೇಜರು ನಾಕ ದಿನದಿಂದ ನನ್ನ ಕೂಡ ನೆಟ್ಟಗ ಮಾತೇ ಆಡವಲ್ರು. ನನ್ನ ತಗೀತಾರಂತ ಕಾಣಸ್ತೈತಿ. ಅವರು ತಗಿಯೂಕಿಂತ ಮೊದಲ ನಾನ ಬಿಟ್ಟುಬಿಡ್ಲೇನು?"

"ಊಟ ಮಾಡಿದ್ಯೇನು?" ಎಂದೆ.

"ಇಲ್ಲ."

"ಮೊದಲ ಊಟ ಮಾಡು. ಹೊಟ್ಟಿ ಹಸಿದಾಗ ರಾಜೀನಾಮೆ ಬರಿಬಾರದು."

ಅವಳಿಗೆ ಅಷ್ಟು ಹೇಳಿ ಫೋನ್ ಇಟ್ಟೆನೇ ಹೊರತು ನನಗೇ ಊಟ ಸೇರಲಿಲ್ಲ. ಇದೇ ಪ್ರಶ್ನೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನೂ ಒಂದು ಕಾಲಕ್ಕೆ ಎಂಟು ದಿನ ಇದೇ ಹೈದರಾಬಾದಿನಲ್ಲಿ ಕುಷಾಯಿಗೂಡದಿಂದ ಬೇಗಂಪೇಟೆಗೆ ಬಸ್ಸಿನಲ್ಲಿ ಓಡಾಡಿದ್ದೆ. ಬಾಯಿಂದ ಹೇಳೋಣವೆಂದರೆ ಈಗಿನ ಮಕ್ಕಳು ನಡುವೆ ನಡುವೆ ಮೊಬೈಲ್ ನೋಡುತ್ತಾರೆ, ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಬೇರೆಯವರು ಹೇಳಿದ್ದನ್ನೇ ಬರೆದುಕೊಂಡವಳು ನಾನು. ನಿವೃತ್ತಿಯಾದ ಮೇಲಾದರೂ ನನ್ನದನ್ನು ನಾನು ಬರೆಯಬೇಡವೇ?

ನಾನು ಸ್ಟೆನೋ ಆಗಿದ್ದೆ. ಈಗಿನವರಿಗೆ ಅದನ್ನೂ ಬಿಡಿಸಿ ಹೇಳಬೇಕು. ಸಾಹೇಬರು ಮಾತಾಡಿದ ಹಾಗೆ ನಾವು ಗೀಟು, ಚುಕ್ಕಿ, ಕೊಂಕುಗಳಲ್ಲಿ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ಹೊರಗೆ ಬಂದು ಅದನ್ನು ಇಂಗ್ಲಿಷಿನಲ್ಲಿ ಟೈಪ್ ಹೊಡೆಯುವುದು. ರಾಯಚೂರಿನಲ್ಲಿ ಮೆಟ್ರಿಕ್ ಆದ ಮೇಲೆ ನಮ್ಮಪ್ಪ ನನ್ನನ್ನು ಟೈಪಿಂಗ್ ಕ್ಲಾಸಿಗೆ ಕಳಿಸಿದ್ದು, ಲಗ್ನವಾಗುವವರೆಗೆ ಮನೆಯಲ್ಲಿ ಕೂತು ಜಗಳ ಮಾಡದಿರಲಿ ಎಂದು. ಲಗ್ನವಾಗಿ ಕುಷಾಯಿಗೂಡಕ್ಕೆ ಬಂದೆ. ನಮ್ಮ ಮನೆಯವರು ಅಲ್ಲಿನ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದರು. ಪೇಪರಿನಲ್ಲಿ ಜಾಹೀರಾತು ನೋಡಿ, ಅತ್ತೆಯವರನ್ನು ಹೇಗೋ ಒಪ್ಪಿಸಿ, ಬೇಗಂಪೇಟೆಯ ಒಂದು ನೀರಿನ ಪಂಪಿನ ಕಂಪನಿಗೆ ಅರ್ಜಿ ಹಾಕಿದೆ.

ಅಲ್ಲಿ ನನ್ನನ್ನು ಸಂದರ್ಶನ ಮಾಡಿದವರು ಜನರಲ್ ಮ್ಯಾನೇಜರ್ ನಂಜುಂಡಯ್ಯನವರು, ಅಪ್ಪಟ ಮೈಸೂರಿನವರು. ಕಚೇರಿ ಆಗಷ್ಟೇ ತೆರೆದಿತ್ತು. ಅವರು ಬಂದು ನಾಲ್ಕು ದಿನವಾಗಿತ್ತು, ಮೇಜು ಇನ್ನೂ ಬಂದಿರಲಿಲ್ಲ. ಪಂಪಿನ ಕಟ್ಟಿಗೆ ಪೆಟ್ಟಿಗೆಯ ಮೇಲೆ ಟೈಪ್‌ರೈಟರ್ ಇಟ್ಟು ನನ್ನ ಪರೀಕ್ಷೆ ಮಾಡಿದರು.

"ಏನಮ್ಮಾ, ಸ್ಪೀಡ್ ಎಷ್ಟು?"

"ನೂರಾ ಇಪ್ಪತ್ತ ರೀ ಸರ್."

"ನಿಮಗಿಂತ ನಿಮ್ಮ 'ರೀ' ಸ್ಪೀಡಾಗಿದೆ," ಎಂದು ನಕ್ಕರು. ಮರುದಿನದಿಂದಲೇ ಬರಲು ಹೇಳಿದರು.

ನಮ್ಮ ಕಚೇರಿ ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದರೆ ವಿಮಾನ ಇಳಿಯುವಾಗ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಆಗ ಜಿಎಂ ಸಾಹೇಬರು ವಾಕ್ಯದ ನಡುವೆಯೇ ಬಾಯಿ ಮುಚ್ಚಿ ಒಂದು ಬೆರಳು ಮೇಲೆತ್ತುತ್ತಿದ್ದರು. ಸದ್ದು ದಾಟಿ ಹೋದ ಮೇಲೆ ಬೆರಳು ಇಳಿಸಿ, ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಒಂದು ಶಬ್ದ ಆಚೀಚೆ ಆಗುತ್ತಿರಲಿಲ್ಲ. ಎದುರು ಕೂತ ನಾನೂ ಪೆನ್ಸಿಲ್ ಎತ್ತಿ ಹಿಡಿದೇ ಕಾಯುತ್ತಿದ್ದೆ.

ಮಾಡಿದ ತಪ್ಪುಗಳನ್ನು ಬರೆಯದಿದ್ದರೆ ಇಂಥ ಬರಹಕ್ಕೆ ಅರ್ಥವಿಲ್ಲ. ಮೊದಲ ವರ್ಷವೇ ಹನ್ನೆರಡು ಪುಟಗಳ ಒಂದು ಟೆಂಡರ್ ಟೈಪ್ ಹೊಡೆದೆ. ಸಂಜೆ ತೆಗೆದು ನೋಡಿದರೆ ನಕಲಿನ ಹಾಳೆಗಳು ಬಿಳಿ ಬಿಳಿ! ನಕಲು ಮೂಡಲು ಹಾಳೆಗಳ ನಡುವೆ ಇಡುವ ಕಾರ್ಬನ್ ಕಾಗದವನ್ನು ಉಲ್ಟಾ ಇಟ್ಟಿದ್ದೆ. ನಕಲೆಲ್ಲ ಅಸಲಿನ ಬೆನ್ನ ಮೇಲೆ ತಿರುಗುಮುರುಗಾಗಿ ಮೂಡಿತ್ತು. ಹಾಗೆಯೇ ಒಳಗೆ ಒಯ್ದೆ. ಸಾಹೇಬರು ಸುಮ್ಮನೆ ಎದ್ದು ಬಚ್ಚಲುಮನೆಯ ಗೋಡೆಯಿಂದ ಕನ್ನಡಿ ಕಿತ್ತು ತಂದು, ಹಾಳೆಯ ಎದುರು ಹಿಡಿದು, ಹನ್ನೆರಡೂ ಪುಟ ಓದಿದರು.

"ಚೆನ್ನಾಗಿದೆ ಸುಲೋಚನಾ. ಕನ್ನಡಿ ಹಿಡಿದ್ರೆ ಒಂದೂ ತಪ್ಪಿಲ್ಲ. ಟೆಂಡರ್ ಜೊತೆ ಒಂದು ಕನ್ನಡೀನೂ ಕಳಿಸೋಣ್ವಾ, ಇಲ್ಲ ಮತ್ತೆ ಹೊಡೀತೀರಾ?"

ಮತ್ತೆ ಹೊಡೆದೆ. ಕೂಗಾಡಿದ್ದರೆ ಮರೆತುಬಿಡುತ್ತಿದ್ದೆ, ಆ ಕನ್ನಡಿಯನ್ನು ಮಾತ್ರ ಮರೆಯಲಿಲ್ಲ.

ಅವರು ಕಲಿಸಿದ ಇನ್ನೊಂದು ಪಾಠ ಇಲ್ಲಿ ಮುಖ್ಯ. ಪ್ರತಿ ಪತ್ರದ ಕೆಳಗೆ ಎಡ ಮೂಲೆಯಲ್ಲಿ ಎರಡು ಅಕ್ಷರ ಇರಬೇಕು. ಹೇಳಿ ಬರೆಸಿದವರ ಹೆಸರಿನ ಮೊದಲಕ್ಷರ ದೊಡ್ಡದಾಗಿ, ಆಮೇಲೆ ಒಂದು ಓರೆ ಗೀಟು, ಆಮೇಲೆ ಟೈಪ್ ಹೊಡೆದವರ ಅಕ್ಷರ ಚಿಕ್ಕದಾಗಿ. ನಮ್ಮದು ದೊಡ್ಡ ಎನ್, ಗೀಟು, ಚಿಕ್ಕ ಎಸ್. "ನಾಳೆ ತಪ್ಪು ಸಿಕ್ಕಿದ್ರೆ ಬೈಸಿಕೊಳ್ಳೋಕೆ ಇಬ್ರೂ ಬೇಕಲ್ಲಮ್ಮಾ," ಎನ್ನುತ್ತಿದ್ದರು. ದಿನಕ್ಕೆ ಮೂವತ್ತು ಪತ್ರ ಹೊಡೆಯುತ್ತಿದ್ದೆ. ಕೊನೆಕೊನೆಗೆ ಆ ಎರಡು ಅಕ್ಷರಗಳನ್ನು ನನ್ನನ್ನು ಕೇಳದೆ ಬೆರಳುಗಳೇ ಹೊಡೆದುಬಿಡುತ್ತಿದ್ದವು.

ಇನ್ನು ಬಿಸ್ಕತ್ತಿನ ವಿಷಯ. ನಮ್ಮ ಕಚೇರಿಯಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯುವುದಿದ್ದರೆ ಜಿಎಂ ಸಾಹೇಬರದೊಂದು ಪದ್ಧತಿ ಇತ್ತು. ನನ್ನನ್ನು ಕರೆದು ಪತ್ರ ಬರೆಸುತ್ತಿದ್ದರು, ಹೆಸರಿನ ಜಾಗ ಮಾತ್ರ ಖಾಲಿ. "ಹೆಸರು ಆಮೇಲೆ ಹೇಳ್ತೀನಿ," ಎನ್ನುತ್ತಿದ್ದರು. ಆ ಪತ್ರ ಎಂಟು ದಿನ ಅವರ ಡ್ರಾಯರಿನಲ್ಲಿ ಮಲಗಿರುತ್ತಿತ್ತು. ಸಿಟ್ಟಿನಲ್ಲಿ ಹೆಸರು ಹಾಕಬಾರದು, ಎಂಟು ದಿನವಾದ ಮೇಲೂ ಹಾಕಬೇಕು ಅನ್ನಿಸಿದರೆ ಹಾಕಬೇಕು ಎಂಬುದು ಅವರ ವಿಚಾರ. ನಾನು ಹೊಡೆದ ಐದು ಪತ್ರಗಳಲ್ಲಿ ಎರಡನ್ನು ಎಂಟನೆಯ ದಿನ ಅವರೇ ಹರಿದು ಬುಟ್ಟಿಗೆ ಹಾಕಿದ್ದರು. ಹರಿಯದಿದ್ದರೆ, ಆ ಮನುಷ್ಯನನ್ನು ಒಳಗೆ ಕರೆದು ಕೂಡಿಸಿ, ಎದುರಿನ ಇರಾನಿ ಹೋಟೆಲಿನಿಂದ ಎರಡು ಚಹಾ ಮತ್ತು ಒಂದು ತಟ್ಟೆ ಉಸ್ಮಾನಿಯಾ ಬಿಸ್ಕತ್ತು ತರಿಸುತ್ತಿದ್ದರು. ಬೇರೆ ದಿನ ನಮಗೆಲ್ಲ ಬರೀ ಚಹಾ. ಹಾಗಾಗಿ ನಮ್ಮ ಕಚೇರಿಯಲ್ಲಿ ಯಾರ ಕೆಲಸ ಹೋದರೂ "ಬಿಸ್ಕತ್ತು ತಿಂದ" ಎನ್ನುತ್ತಿದ್ದೆವು. ಒಬ್ಬ ಸೇಲ್ಸ್‌ಮನ್ ಬಹಳ ಜಾಣ. ತಟ್ಟೆ ನೋಡಿದ್ದೇ "ನನಗೆ ಸಕ್ಕರೆ ಕಾಯಿಲೆ, ಡಾಕ್ಟರು ಬೇಡ ಅಂದಿದ್ದಾರೆ" ಎಂದು ಎದ್ದು ಬಂದುಬಿಟ್ಟ. ಮರುದಿನ ಸಾಹೇಬರು ಅವನಿಗೆ ಖಾರದ ಬಿಸ್ಕತ್ತು ತರಿಸಿದರು.

ಹೀಗೆ ನಗುತ್ತಾ ಹನ್ನೊಂದು ವರ್ಷ ಹೋಯಿತು. ಆಮೇಲೆ ಮಾಲೀಕರು ವಯಸ್ಸಾಯಿತೆಂದು ಮನೆಯಲ್ಲಿ ಕೂತರು, ಅವರ ಮಗ ಬಂದ. ನಾವೆಲ್ಲ ಅವನನ್ನು ಛೋಟೆ ಸಾಬ್, ಅಂದರೆ ಚಿಕ್ಕ ಸಾಹೇಬ, ಎನ್ನುತ್ತಿದ್ದೆವು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಕೆಟ್ಟವನಲ್ಲ, ಆದರೆ ಎಲ್ಲದಕ್ಕೂ ಅವಸರ. ಅವನ ಹಿಂದೆಯೇ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಎಸಿ ಕೋಣೆ ಮಾಡಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪ್ಯೂನ್ ಯಾದಗಿರಿ ಐವತ್ತು ದಾಟಿದ ಮನುಷ್ಯ. ಮೊದಲ ದಿನ ಅದಕ್ಕೊಂದು ನಮಸ್ಕಾರವನ್ನೂ ಹಾಕಿದ.

ಛೋಟೆ ಸಾಬ್ ಒಂದು ದಿನ ನನ್ನ ಮೇಜಿನ ಹತ್ತಿರ ನಿಂತು, ನನ್ನ ಪ್ಯಾಡಿನ ಗೀಟುಗಳನ್ನು ನೋಡಿ, ಹುಬ್ಬೇರಿಸಿ, "ಶಾರ್ಟ್‌ಹ್ಯಾಂಡ್? ಅಬ್ ಭೀ?" ಎಂದ. ಇನ್ನೂ ಇದೆಯಾ ಇದು ಎಂಬಂತೆ. ಇಲ್ಲಿ ನನ್ನ ದಿನ ತುಂಬಿತು ಎಂದು ಅವತ್ತೇ ಅಂದುಕೊಂಡೆ.

ಮರುವಾರ ಜಿಎಂ ಸಾಹೇಬರು ಕರೆದರು. ಬಾಗಿಲು ಹಾಕಿಕೊಂಡು ಬನ್ನಿ ಎಂದರು. ಪೆನ್ಸಿಲ್ ಹಿಡಿದು ಕೂತೆ. ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದರು. ಇಂಗ್ಲಿಷಿನಲ್ಲಿ ಬರೆಸಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

"ಶ್ರೀಮತಿ ಅಥವಾ ಶ್ರೀ... ಬೇಡ, ಅದನ್ನೂ ಬಿಡಿ. ಹೆಸರಿಗೆ ಜಾಗ ಬಿಡಿ. ತಾವು ಈ ಕಚೇರಿ ಆರಂಭವಾದಂದಿನಿಂದ ಹನ್ನೊಂದು ವರ್ಷ ಸೇವೆ ಸಲ್ಲಿಸಿದ್ದೀರಿ. ತಮ್ಮ ಕೆಲಸದಲ್ಲಿ ಯಾವ ದೋಷವೂ ಇಲ್ಲ. ಆದರೆ ಕಚೇರಿಯಲ್ಲಿ ಹೊಸ ವಿಧಾನಗಳು ಜಾರಿಗೆ ಬರುತ್ತಿರುವ ಕಾರಣ..."

ವಿಮಾನ ಬಂತು. ಬೆರಳು ಮೇಲೆದ್ದಿತು. ಗಾಜು ಗಡಗಡ ಅಂದಿತು. ನಾನು ಪೆನ್ಸಿಲ್ ಎತ್ತಿ ಹಿಡಿದೆ. ಅಷ್ಟು ನಿಧಾನವಾಗಿ ಇಳಿದ ವಿಮಾನವನ್ನು ನಾನು ನೋಡಿಯೇ ಇಲ್ಲ.

"...ಕಾರಣ, ತಮ್ಮ ಸೇವೆ ಇನ್ನು ಮುಂದೆ ಅಗತ್ಯವಿರುವುದಿಲ್ಲ. ಅಷ್ಟೇ. ಕೆಳಗೆ ನಮ್ಮ ಅಕ್ಷರ ಹಾಕಬೇಡಿ."

"ಹಾಕಬಾರದ್ರೀ?"

"ಈ ಪತ್ರಕ್ಕೆ ಬೇಡ."

ಹೊರಗೆ ಬಂದು ಟೈಪ್ ಹೊಡೆದೆ. ಹನ್ನೊಂದು ವರ್ಷದವಳು ನಾನು. ಹೊಸ ವಿಧಾನ ಬಂದು ಬೇಡವಾದವಳೂ ನಾನೇ. ಅಕ್ಷರ ಯಾಕೆ ಬೇಡ? ತೆಗೆಸಿಕೊಳ್ಳುವವಳ ಅಕ್ಷರ ಅವಳ ಪತ್ರದ ಮೂಲೆಯಲ್ಲೇ ಇದ್ದರೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ. ಎಲ್ಲ ಲೆಕ್ಕವೂ ತಾಳೆಯಾಯಿತು. ನನ್ನ ಬಿಸ್ಕತ್ತಿಗೆ ನಾನೇ ಹಿಟ್ಟು ಕಲಸಿಕೊಟ್ಟ ಹಾಗಾಯಿತು.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕುಷಾಯಿಗೂಡದಲ್ಲಿ ನಾನು ಇಂಥವರ ಸೊಸೆ, ಇಂಥವರ ಮಿಸೆಸ್. ಬೇಗಂಪೇಟೆಯ ಆ ಮೂರನೇ ಮಹಡಿಯಲ್ಲಿ ಮಾತ್ರ ಸುಲೋಚನಾ. ಇದು ಹೋದರೆ ಇನ್ನೊಂದು ಸಿಗುವುದೂ ಅಷ್ಟರಲ್ಲೇ ಇತ್ತು. ತೆಗೆದ ಪತ್ರ ಕೈಯಲ್ಲಿದ್ದರೆ ಯಾವ ಕಚೇರಿಯವರು ಒಳಗೆ ಬಿಡುತ್ತಾರೆ? ನಾನೇ ಬಿಟ್ಟರೆ ಮರ್ಯಾದೆಯ ಅನುಭವ ಪತ್ರವಾದರೂ ಸಿಗುತ್ತದೆ. ಆದರೆ ಸಾಹೇಬರು ಎಂಟನೆಯ ದಿನ ಪತ್ರ ಹರಿದರೆ? ಬಿಟ್ಟವಳಿಗೆ ಅದೂ ಇಲ್ಲ.

ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರಿಗೆ ವಿಷಯವೇ ತಲೆಗೆ ಹೋಗಲಿಲ್ಲ.

"ತಗೀತಾರಂದ್ರ? ನಮ್ಮಲ್ಲಿ ಯಾರನ್ನೂ ತಗಿಯಂಗಿಲ್ಲ. ನಮ್ಮ ಸೆಕ್ಷನ್‌ನ್ಯಾಗ ಒಬ್ಬಾಂವ ಆರು ತಿಂಗಳಾತು ಬಂದೇ ಇಲ್ಲ, ಆಂವನ್ನೂ ತಗದಿಲ್ಲ."

"ನಿಮ್ಮದು ಸರಕಾರದ್ದುರಿ. ನಮ್ಮದು ಸೇಠಂದು."

"ಹಂಗಾರ ಯೂನಿಯನ್ನಿಗೆ ಹೇಳು."

"ಸ್ಟೆನೋ ನಾ ಒಬ್ಬಾಕಿ. ನನ್ನ ಯೂನಿಯನ್ನಿಗೆ ನಾನ ಅಧ್ಯಕ್ಷಿ."

ಅಡುಗೆಮನೆಯಿಂದ ಅತ್ತೆಯವರು ಬಂದರು. ಹನ್ನೊಂದು ವರ್ಷದ ಹಿಂದೆ ನಾನು ಕೆಲಸಕ್ಕೆ ಹೋಗುವುದು ಬೇಡ ಎಂದು ಮೂರು ದಿನ ಮಾತು ಬಿಟ್ಟವರು ಅವರು.

"ಹೋಗು ಅನಿಸ್ಕೊಂಡು ಬರಬ್ಯಾಡವ್ವಾ. ನೀನ ಬಿಟ್ಟು ಬಾ. ತಲಿ ಎತ್ತಿ ಬಾ," ಎಂದರು. ಹಿಂದೆಯೇ, "ಬಿಡದಿದ್ರ ಇನ್ನೂ ಛಲೋ. ಮನ್ಯಾಗ ಇಬ್ಬರೂ ಇದ್ರ ನಮ್ಮಿಬ್ಬರಿಗೂ ಹೊಂದಂಗಿಲ್ಲ," ಎಂದರು. ಅಷ್ಟು ನಿಜ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಇಬ್ಬರೂ ನಕ್ಕೆವು.

ರಾಜೀನಾಮೆ ಬರೆಯುವುದು ಸುಲಭ ಎಂದುಕೊಂಡಿದ್ದೆ. ಮೊದಲನೆಯದರಲ್ಲಿ ಸಿಟ್ಟು ಹೆಚ್ಚಾಯಿತು. ಎರಡನೆಯದರಲ್ಲಿ ವಿನಯ ಹೆಚ್ಚಾಗಿ, ಓದಿದರೆ ನಾನೇ ಕ್ಷಮೆ ಕೇಳುತ್ತಿರುವಂತಿತ್ತು. ಮೂರನೆಯದು ಮೂರು ಪುಟವಾಯಿತು, ಅದರಲ್ಲಿ ಕಾರ್ಬನ್ನು, ಕನ್ನಡಿ ಎಲ್ಲ ಬಂದುಬಿಟ್ಟವು. ನಾಲ್ಕನೆಯದನ್ನು ಊಟದ ಬಿಡುವಿನಲ್ಲಿ ಕಚೇರಿಯ ಯಂತ್ರದ ಮೇಲೆಯೇ ಎರಡು ಸಾಲಿನಲ್ಲಿ ಹೊಡೆದು, ಓದದೆ ಮಡಚಿ ಬ್ಯಾಗಿಗೆ ಹಾಕಿದೆ. ಪ್ರತಿದಿನ ಬೆಳಿಗ್ಗೆ ಬಸ್ಸಿನಲ್ಲಿ ಇವತ್ತು ಕೊಟ್ಟುಬಿಡುತ್ತೇನೆ ಎಂದುಕೊಳ್ಳುವುದು, ಸಂಜೆ ಅದನ್ನು ಹಾಗೆಯೇ ಮನೆಗೆ ತರುವುದು. ಟಿಫಿನ್ ಡಬ್ಬಿಯ ಎಣ್ಣೆ ತಾಗಿ ಅದಕ್ಕೆ ಬದನೆಕಾಯಿ ಪಲ್ಯದ ವಾಸನೆ ಬಂತು.

ಒಂದು ಲಾಭವಾಯಿತು. ಹೋಗುವುದು ಗೊತ್ತಾದ ಮೇಲೆ ಹೆದರಿಕೆ ಹೋಯಿತು. ಜನವರಿ ತಿಂಗಳು, ನಾಂಪಲ್ಲಿಯ ಎಕ್ಸಿಬಿಷನ್‌ನಲ್ಲಿ ನಮ್ಮದೊಂದು ಸ್ಟಾಲ್ ಇತ್ತು. ಗಡಿಭಾಗದ ರೈತರು ಬರುತ್ತಾರೆ, ಕನ್ನಡ ಬಲ್ಲವರು ಬೇಕು ಎಂದು ನನ್ನನ್ನು ಒಂದು ದಿನ ಅಲ್ಲಿ ನಿಲ್ಲಿಸಿದರು. ಬೀದರ ಕಡೆಯ ಒಬ್ಬ ಹಿರಿಯರು ನಮ್ಮ ಎಲ್ಲಕ್ಕಿಂತ ದೊಡ್ಡ ಪಂಪಿನ ಮೇಲೆ ಕೈ ಇಟ್ಟು ಕೇಳಿದರು.

"ಅಕ್ಕಾರ, ಇದು ನಮ್ಮ ಬಾವಿಗೆ ನಡೀತೈತೇನ್ರಿ?"

"ಬಾವ್ಯಾಗ ನೀರು ಹೆಂಗ ಬರತೈತ್ರಿ? ಎಳದಂಗ ತುಂಬತೈತೇನು?"

"ಇಲ್ರಿ, ಭಾಳ ಸಾವಕಾಶ ಊರತೈತಿ."

"ಹಂಗಾರ ಇದು ಬ್ಯಾಡ್ರಿ. ಒಂದು ತಾಸಿನ್ಯಾಗ ನೀರೆಲ್ಲಾ ಎಳದು, ಒಣಾ ತಿರಗಿ, ಸುಟ್ಟ ಹೋಗತೈತಿ. ಆ ಸಣ್ಣದು ತಗೋರಿ, ಅದು ನಿಮಗ ಸಾಕು."

ಹನ್ನೊಂದು ವರ್ಷ ಪಂಪಿನ ಪತ್ರ ಹೊಡೆದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಹಿಂದೆ ತಿರುಗಿದರೆ ಛೋಟೆ ಸಾಬ್ ನಿಂತಿದ್ದ. ಕನ್ನಡ ಬಾರದಿದ್ದರೂ ನನ್ನ ಕೈ ದೊಡ್ಡ ಪಂಪಿನಿಂದ ಸಣ್ಣದರ ಕಡೆ ಹೋದದ್ದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

"ಮೇಡಂ, ಆಪ್ ಹಮಾರೀ ತರಫ್ ಹೈಂ ಯಾ ಉನ್‌ಕೀ?" ಎಂದ. ನೀವು ನಮ್ಮ ಕಡೆಯೋ, ಅವರ ಕಡೆಯೋ?

"ಪಂಪ್ ಕೀ ತರಫ್," ಎಂದೆ.

ಬೇರೆ ದಿನವಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಅವನು ಪಕ್ಕದ ಗಿರಾಕಿಯ ಕಡೆ ಹೋದ. ಇನ್ನು ಎಂಟನೆಯ ದಿನ ಪತ್ರ ಹರಿಯುವ ಆಸೆಯೂ ಮುಗಿಯಿತು ಎಂದುಕೊಂಡೆ.

ಎಂಟನೆಯ ದಿನ ಬಂತು. ಹನ್ನೊಂದು ಗಂಟೆಯ ಹೊತ್ತಿಗೆ ಯಾದಗಿರಿ ನನ್ನ ಮೇಜಿನ ಹತ್ತಿರ ಬಂದು, ನೆಲ ನೋಡುತ್ತಾ ನಿಂತ.

"ಮೇಡಂ, ಸಾಬ್ ಬಿಸ್ಕುಟಾಂ ಮಂಗಾಯೇ." ಸಾಹೇಬರು ಬಿಸ್ಕತ್ತು ತರಲು ಹೇಳಿದ್ದಾರಂತೆ.

"ಕಿಸ್‌ಕೇ ವಾಸ್ತೇ?" ಯಾರಿಗಂತೆ ಎಂದು ಕೇಳಿದೆ.

"ದೋ ಚಾಯ್. ಸಾಬ್ ಔರ್ ಆಪ್." ಎರಡು ಚಹಾ, ಸಾಹೇಬರಿಗೂ ನನಗೂ. ಪಾಪ, ಅವನ ಕಣ್ಣು ತುಂಬಿತ್ತು. "ಏಂ ಕಾದಮ್ಮಾ," ಏನೂ ಆಗುವುದಿಲ್ಲ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಬಿಸ್ಕತ್ತು ತರಲು ಹೋದ.

ನಾನು ಸೆರಗು ಸರಿಮಾಡಿಕೊಂಡೆ. ಅತ್ತೆಯವರ ಮಾತು ನೆನಪಾಯಿತು, ತಲೆ ಎತ್ತಿ ಹೋಗಬೇಕು. ಒಳಗೆ ಹೋದವಳೇ, ಸಾಹೇಬರು ಬಾಯಿ ತೆರೆಯುವ ಮೊದಲು, ಬ್ಯಾಗಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟೆ.

"ಏನಿದು?"

"ಓದ್ರಿ ಸರ್."

ಅವರು ಮೊದಲು ಮೂಸಿದರು. ಆಮೇಲೆ ಬಿಚ್ಚಿ ಓದಿದರು. ಎರಡು ಸಾಲಿಗೆ ಎರಡು ನಿಮಿಷ ತೆಗೆದುಕೊಂಡರು. ಅಭ್ಯಾಸದಂತೆ ಕೆಂಪು ಪೆನ್ಸಿಲ್ ಕೈಗೆ ಬಂತು.

"ಇದನ್ನು ನಾನು ಬರೆಸಿದ್ದಾ?"

"ಅಲ್ರಿ ಸರ್. ನಾನ ಬರದದ್ದು."

"ಮತ್ತೆ ಮೂಲೇಲಿ ನನ್ನ ಎನ್ ಏನ್ ಮಾಡ್ತಿದೆ?"

ಬಗ್ಗಿ ನೋಡಿದೆ. ಹೌದು! ದೊಡ್ಡ ಎನ್, ಗೀಟು, ಚಿಕ್ಕ ಎಸ್. ನನ್ನ ಹಾಳು ಬೆರಳುಗಳು ನನ್ನದೇ ರಾಜೀನಾಮೆಯನ್ನು ಸಾಹೇಬರು ಹೇಳಿ ಬರೆಸಿದ್ದಾರೆ ಎಂದು ಹೊಡೆದಿಟ್ಟಿದ್ದವು. ಹನ್ನೊಂದು ವರ್ಷದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ. ಕನ್ನಡಿಯ ದಿನವೂ ಆಗಿರಲಿಲ್ಲ.

ಸಾಹೇಬರು ಆ ಎರಡು ಅಕ್ಷರದ ಸುತ್ತ ಕೆಂಪು ಸುತ್ತು ಹಾಕಿ, ಕಾಗದವನ್ನು ನನ್ನ ಕಡೆ ತಳ್ಳಿದರು.

"ನನ್ನ ಅಕ್ಷರ ಇರೋದ್ರಿಂದ ಇದು ನನ್ನ ಪತ್ರ. ನಾನು ಹೀಗೆ ಬರೆಸಿಲ್ಲ. ತಪ್ಪಿರೋ ಪತ್ರ ನಾನು ಒಳಗೆ ತಗೊಳ್ಳಲ್ಲ, ನಿಮಗೆ ಗೊತ್ತಲ್ಲ. ಸರಿ ಮಾಡ್ಕೊಂಡು ತನ್ನಿ. ಅವಸರ ಇಲ್ಲ."

"ಮತ್ತ ಆ ಪತ್ರ, ಸರ್? ಹನ್ನೊಂದು ವರ್ಷದ್ದು?"

ಅವರು ಡ್ರಾಯರಿನಿಂದ ಅದನ್ನು ತೆಗೆದು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟರು. "ಹೆಸರು ಆಮೇಲೆ ಹೇಳ್ತೀನಿ ಅಂದಿದ್ನಲ್ಲ. ಬರ್ಕೊಳ್ಳಿ. ನಂಜುಂಡಯ್ಯ."

ಕೈ ಪ್ಯಾಡಿನಲ್ಲಿ ಬರೆದುಬಿಟ್ಟಿತು. ತಲೆಗೆ ಆಮೇಲೆ ಗೊತ್ತಾಯಿತು.

ಛೋಟೆ ಸಾಬ್ ಅವರಿಗೆ ಎಂಟು ದಿನದ ಹಿಂದೆ ಹೇಳಿದ್ದನಂತೆ: ಹೊಸ ಕಾಲ ಬಂತು ಅಂಕಲ್, ನಿಮ್ಮನ್ನು ಬಿಡಿಸುವ ಪತ್ರದ ಕರಡು ನೀವೇ ಮಾಡಿ ಕೊಡಿ, ಇಲ್ಲವೇ ನೀವಾಗಿಯೇ ಬಿಟ್ಟರೆ ಇನ್ನೂ ಒಳ್ಳೆಯದು. ನಾನು ಬಸ್ಸಿನಲ್ಲಿ ಓಡಾಡಿದ ಎಂಟು ದಿನವೂ ಅವರು ತಮ್ಮ ಅಂಬಾಸಡರ್ ಕಾರಿನಲ್ಲಿ ಅದೇ ಪ್ರಶ್ನೆ ಇಟ್ಟುಕೊಂಡು ಓಡಾಡಿದ್ದರು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಆ ಪತ್ರದ ಮೂಲೆಯಲ್ಲಿ ಬೇಡವಾಗಿದ್ದದ್ದು ಅವರದೇ ಎನ್. ಕಚೇರಿ ಆರಂಭವಾದಂದಿನಿಂದ ಇದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ನನ್ನನ್ನು ಸೇರಿಸಿಕೊಂಡವರೇ ನೆನಪಾಗಿರಲಿಲ್ಲ. ನನ್ನ ಚಿಂತೆಯ ಮುಂದೆ ಇನ್ನೊಬ್ಬರ ಮುಖ ಕಂಡಿರಲಿಲ್ಲ. ಆ ಮಾತಿಗೆ ಇವತ್ತಿಗೂ ನಾಚುತ್ತೇನೆ.

"ಮತ್ತ ಬಿಸ್ಕತ್ತು ಯಾಕ ತರಿಸೀರಿ ಸರ್?" ಎಂದೆ.

"ಎಲ್ಲರಿಗೂ ನಾನು ತರಿಸ್ದೆ. ನನಗೆ ತರಿಸೋರು ಯಾರಿದ್ದಾರೆ? ಒಬ್ಬನೇ ತಿನ್ನೋಕೆ ಮನಸ್ಸಾಗಲಿಲ್ಲ ಕಣಮ್ಮಾ."

ನನಗೆ ಅಳು ಬಂತು. ಅಳುತ್ತಲೇ ಒಂದು ಬಿಸ್ಕತ್ತು ತಿಂದೆ. ಹನ್ನೊಂದು ವರ್ಷ ದೂರದಿಂದಲೇ ನೋಡಿದ ತಟ್ಟೆ ಅದು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು.

"ನೀವೇ ಹೇಳಿ," ಎಂದರು ಸಾಹೇಬರು. "ಬಿಡಲಾ, ತೆಗೆಸಿಕೊಳ್ಳಲಾ?"

ಎಂಟು ದಿನ ನನ್ನದೇ ವಿಷಯಕ್ಕೆ ಹೊಳೆಯದ ಉತ್ತರ ಅವರ ವಿಷಯಕ್ಕೆ ತಟ್ಟನೆ ಬಾಯಿಗೆ ಬಂತು.

"ಎರಡೂ ಬ್ಯಾಡ್ರಿ ಸರ್. ಈ ಹೆಸರು ನಾ ಹೊಡಿಯಂಗಿಲ್ಲ. ಖಾಲಿನೇ ಒಯ್ದು ಕೊಡ್ರಿ. ತಗಿಯವರು ಅವರು, ಹೆಸರು ಅವರ ಕೈಲೇ ಬರೀಲಿ. ಅವರ ಕೆಲಸ ನೀವ್ಯಾಕ ಮಾಡ್ತೀರಿ?"

ಸಾಹೇಬರು ನನ್ನನ್ನೇ ನೋಡಿದರು. ಚಹಾ ಮುಗಿಸಿದರು. ಎದ್ದು ಕೋಟು ಹಾಕಿಕೊಂಡು, "ಪ್ಯಾಡ್ ತಗೊಂಡು ಬನ್ನಿ," ಎಂದರು.

ಛೋಟೆ ಸಾಬ್‌ನ ಕೋಣೆಯಲ್ಲಿ ಪತ್ರವನ್ನು ಅವನ ಮುಂದಿಟ್ಟು, ಸಾಹೇಬರು ತಮ್ಮ ಪೆನ್ನನ್ನೇ ಬಿಚ್ಚಿ ಕೊಟ್ಟರು. ಎಲ್ಲ ಸಿದ್ಧವಾಗಿದೆ, ಹೆಸರೊಂದನ್ನು ನೀವು ಬರೆಯಿರಿ ಎಂದರು. ಅವನು ಪೆನ್ನು ಹಿಡಿದ. ಅಷ್ಟರಲ್ಲಿ ವಿಮಾನ ಬಂತು. ಸಾಹೇಬರ ಬೆರಳು ತಾನಾಗಿ ಮೇಲೆದ್ದಿತು. ಏನಾಗುತ್ತಿದೆ ಎಂದು ತಿಳಿಯದೆ ಛೋಟೆ ಸಾಬ್ ಕೂಡ ಪೆನ್ನು ಎತ್ತಿ ಹಿಡಿದು ಕಾದ. ಬೆರಳು ಎತ್ತಿ ನಿಂತ ಆ ಬೆಳ್ಳಗಾದ ತಲೆಯನ್ನು ಅವನು ನೋಡುತ್ತಲೇ ಇದ್ದ. ಸದ್ದು ಅಡಗುವ ಹೊತ್ತಿಗೆ ಪೆನ್ನಿನ ಮುಚ್ಚಳ ಹಾಕಿದ.

"ರೆಹ್ನೇ ದೋ ಅಂಕಲ್. ಮಾರ್ಚ್ ಕೇ ಬಾದ್ ದೇಖೇಂಗೇ."

ಇರಲಿ ಬಿಡಿ, ಮಾರ್ಚ್ ಆದ ಮೇಲೆ ನೋಡೋಣ ಎಂದ. ಎಷ್ಟೋ ಮಾರ್ಚ್ ಬಂದು ಹೋದವು, ಯಾರೂ ನೋಡಲಿಲ್ಲ. ಬೇರೆಯವರು ತಾವಾಗಿಯೇ ಹೊರಟು ಹೋಗಲಿ ಎಂದು ಕಾಯುವವರಿಗೆ ಹೊರಡು ಎಂದು ಬರೆಯುವ ಧೈರ್ಯ ಎಷ್ಟೋ ಸಲ ಇರುವುದಿಲ್ಲ. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಹೇಳಲಾರೆ, ಕೆಲವರು ಹೆಸರು ಬರೆದೇಬಿಡುತ್ತಾರೆ. ಬರೆಯಲಿ. ಆದರೆ ಅವರೇ ಬರೆಯಲಿ.

ಕೋಣೆಯಿಂದ ಹೊರಡುವಾಗ ಛೋಟೆ ಸಾಬ್ ನನ್ನನ್ನು ಕರೆದು, ಆ ಬೀದರದ ರೈತ ಮರುದಿನ ತನ್ನ ಊರಿನ ನಾಲ್ವರನ್ನು ಸ್ಟಾಲಿಗೆ ಕರೆತಂದಿದ್ದ, ಎಲ್ಲರೂ ಸಣ್ಣ ಪಂಪ್ ಕೊಂಡರು ಎಂದ. ಮರುವಾರ ನನ್ನನ್ನು ಎಸಿ ಕೋಣೆಗೆ ಕಳಿಸಿದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಿದರೆ ಕಂಪ್ಯೂಟರಿನ ಕೀಲಿಗಳ ಮೇಲಿದ್ದದ್ದು ನನ್ನ ಹಳೆಯ ಯಂತ್ರದ ಅಕ್ಷರಗಳೇ, ಅದೇ ಸಾಲಿನಲ್ಲಿ! ಟೈಪ್‌ರೈಟರಿನ ರೂಢಿಯಲ್ಲಿ ಕುಟ್ಟಿ ಕುಟ್ಟಿ ಮೊದಲ ತಿಂಗಳೇ ಒಂದು ಕೀಲಿ ಕಿತ್ತು ಕೈಗೆ ತೆಗೆದುಕೊಂಡೆ. ಅದೊಂದೇ ಅಪರಾಧ. ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಕಂಪ್ಯೂಟರಿನಲ್ಲಿ ಹೊಡೆಯುತ್ತಾ ಇನ್ನೂ ಇಪ್ಪತ್ತು ವರ್ಷ ತೆಗೆದೆ.

ನಂಜುಂಡಯ್ಯನವರು ತಮ್ಮ ವಯಸ್ಸು ತುಂಬಿದ ದಿನ ಹಾರ ಹಾಕಿಸಿಕೊಂಡು ನಿವೃತ್ತರಾದರು. ಅವತ್ತು ಯಾದಗಿರಿಗೆ ಹೇಳಿ ಬಿಸ್ಕತ್ತು ತರಿಸಿದವಳು ನಾನು. ಹೋಗುವಾಗ ಆ ಖಾಲಿ ಹೆಸರಿನ ಪತ್ರವನ್ನು ನನ್ನ ಕೈಗಿತ್ತು, "ಒಂದೂ ತಪ್ಪಿಲ್ಲದ ಟೈಪಿಂಗು, ಇಟ್ಕೊಳ್ಳಿ," ಎಂದರು. "ನೀವು ಸರಿ ಮಾಡ್ಕೊಂಡು ತರಬೇಕಾಗಿದ್ದ ಪತ್ರ ಇನ್ನೂ ಬಂದಿಲ್ಲ," ಎಂದೂ ಹೇಳಿದರು. ಎರಡೂ ಕಾಗದ ನನ್ನ ಕಪಾಟಿನಲ್ಲಿವೆ. ಒಂದಕ್ಕೆ ಇನ್ನೂ ಬದನೆಕಾಯಿಯ ಕಲೆ ಇದೆ.

ಇಷ್ಟರಲ್ಲಿ ನಿನ್ನೆ ಮತ್ತೆ ಶ್ವೇತಾಳ ಫೋನು ಬಂತು. ಪಿಸುಮಾತು.

"ಅತ್ತಿ, ಮ್ಯಾನೇಜರು ಒಳಗ ಕರದಾರ. ನನ್ನ ರಾಜೀನಾಮೆ ಪರ್ಸಿನ್ಯಾಗ ಐತಿ. ಮೊದಲ ಕೊಟ್ಟುಬಿಡ್ಲೇನು?"

"ಚಾ ತರಿಸ್ಯಾರೇನು?"

"ಹೂಂ, ತರಿಸ್ಯಾರ."

"ಬಿಸ್ಕತ್ತು?"

ಅವಳು ಗಾಜಿನ ಬಾಗಿಲಿನಿಂದ ಇಣುಕಿ ನೋಡಿರಬೇಕು.

"ಐತಿ ಅತ್ತಿ. ಯಾಕ?"

"ಪರ್ಸಿನ ಜಿಪ್ ಹಾಕು. ಒಳಗ ಹೋಗಿ ನೆಟ್ಟಗ ಕುಂದ್ರು. ಮೊದಲ ಎರಡು ಬಿಸ್ಕತ್ತು ತಿನ್ನು. ಅವರು ಏನು ಹೇಳಬೇಕಂತಾರೋ, ಅವರ ಬಾಯಿಂದ ಅವರ ಹೇಳ್ಲಿ."